ಅಡ್ಡಿಯಿಲ್ಲ

ಹುಬ್ಬಳ್ಳಿಯ ನಮ್ಮ ದೇಶಪಾಂಡೆ ನಗರದಲ್ಲಿ ಹೊಗಳುವುದಕ್ಕೆ ಇರುವುದು ಒಂದೇ ಶಬ್ದ: ಅಡ್ಡಿಯಿಲ್ಲ. ಹೋಳಿಗೆ ತುಪ್ಪದಲ್ಲಿ ಈಜಾಡುತ್ತಿದ್ದರೂ ಅಡ್ಡಿಯಿಲ್ಲ, ಮಗಳು ಡಾಕ್ಟರಾದರೂ ಅಡ್ಡಿಯಿಲ್ಲ. ಹುಡುಗಿ ನೋಡಿ ಬಂದವರು ರಿಕ್ಷಾ ಇಳಿಯುತ್ತ ‘ಹುಡುಗಿ ಅಡ್ಡಿಯಿಲ್ಲ’ ಅಂದರೆ ಮುಗಿಯಿತು, ಅದೇ ಸಂಜೆ ಕಾರ್ಯಾಲಯ ಬುಕ್ ಆಗುತ್ತದೆ. ಬೆಂಗಳೂರು ಕಡೆಯಿಂದ ಬಂದ ಸೊಸೆಯಂದಿರು ಮೊದಲ ವರ್ಷ ಇದನ್ನು ಬೈಗುಳ ಅಂದುಕೊಂಡು ಅಡುಗೆಮನೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ಎರಡನೆಯ ವರ್ಷ ಅತ್ತೆಯ ಸಾರಿಗೆ ಅದನ್ನೇ ತಿರುಗಿಸಿ ಕೊಡುತ್ತಾರೆ.

ಜನ ಹೀಗಾಗಿದ್ದಕ್ಕೆ ಜಾಗವೂ ಕಾರಣ ಅನ್ನಿ. ಸವಾಯಿ ಗಂಧರ್ವರ ಹೆಸರಿನ ಸಭಾಭವನ ಇರುವುದು ಇಲ್ಲೇ. ಗಂಗೂಬಾಯಿ ಹಾನಗಲ್ಲರ ‘ಗಂಗಾಲಹರಿ’ ಮನೆ ಇರುವುದೂ ಇಲ್ಲೇ. ಮಲ್ಲಿಕಾರ್ಜುನ ಮನ್ಸೂರರನ್ನೂ ಭೀಮಸೇನ ಜೋಶಿಯವರನ್ನೂ ಬಸವರಾಜ ರಾಜಗುರುಗಳನ್ನೂ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕೇಳಿದ ಕಿವಿಗಳು ಇವು. ಪುರಾಣಿಕರ ಮನೆಯಲ್ಲಿ ಪೈಲವಾನ ಹುಟ್ಟಿದ ಹಾಗೆ, ಇಂಥ ಜಾಗದಲ್ಲಿ ನಾನು ರಾಕ್ ಬ್ಯಾಂಡಿನ ಅಭಿಮಾನಿಯಾಗಿ ಬೆಳೆದೆ. ಮನೆಯವರಿಗೆ ಆತಂಕ, ಓಣಿಯವರಿಗೆ ಕರಮಣೂಕಿ.

ನಮ್ಮ ಕಂಪೌಂಡಿನ ಆಚೆ ಒಬ್ಬ ಕಾಕಾ ಇದ್ದಾರೆ. ರಕ್ತಸಂಬಂಧವೇನೂ ಇಲ್ಲ, ಗೋಡೆಸಂಬಂಧ. ಊರು ಕುಂದಗೋಳ. ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಹೀಗಾಗಿ ವೋಚರ್ ಇಲ್ಲದೆ ಯಾವ ಪ್ರಶಂಸೆಯನ್ನೂ ಮಂಜೂರು ಮಾಡುವವರಲ್ಲ. ಬೆಳಗಿನ ಎಂಟಕ್ಕೆ ‘ಸಂಯುಕ್ತ ಕರ್ನಾಟಕ’ ಬಗಲಲ್ಲಿ, ಮೂರು ಚಮಚ ಸಕ್ಕರೆಯ ಚಹಾ ಕೈಯಲ್ಲಿ, ಮೊಳಕೈ ಗೋಡೆಯ ಮೇಲೆ. ಇವರ ಬಾಯಿಂದ ಅಡ್ಡಿಯಿಲ್ಲಕ್ಕಿಂತ ಒಂದು ಮೆಟ್ಟಿಲು ಮೇಲಿನ ಶಬ್ದ ಹೊರಡಿಸಬೇಕು ಎಂದು ನಾನು ಹಟ ಹಿಡಿದು ಹದಿನೈದು ವರ್ಷದ ಮೇಲಾಯಿತು.

ಶುರುವಾದದ್ದು 2008ರಲ್ಲಿ. ನನಗಾಗ ಇಪ್ಪತ್ತೆರಡು. ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಮ್ ಬಂದಿತ್ತು. ಮುಂಬೈನ ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೋರಿಸಿದ ಮೇಲೆ, ಸಿನಿಮಾ ಸಂಗೀತದ ವಿಶಾಲ್–ಶೇಖರ್ ಜೋಡಿ ತಮ್ಮದೇ ಒಂದು ಕಂಪನಿ ಮಾಡಿ ಅದನ್ನು ಹೊರಗೆ ತಂದಿತ್ತು. ಚಿಕ್ಕಪ್ಪನ ಮಗ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಆ ಸೀಡಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ, ಕೂಸನ್ನು ತಂದ ಹಾಗೆ. ನಾನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಕೋಣೆಯ ಕದ ಹಾಕಿ, ‘ಮುಕ್ಕಾಲು ತಾಸು ಯಾರೂ ಕರೀಬ್ಯಾಡ್ರಿ’ ಎಂದು ಅವ್ವನಿಗೆ ತಾಕೀತು ಮಾಡಿದೆ.

‘ಸತ್ಯನಾರಾಯಣ ಪೂಜಾದಾಗ ಇಷ್ಟು ಶಿಸ್ತು ಇದ್ದಿದ್ರ ನಿನಗ ಇಷ್ಟೊತ್ತಿಗೆ ನೌಕರಿ ಹತ್ತತಿತ್ತು,’ ಅಂದಳು ಅವ್ವ.

ಕಂಪ್ಯೂಟರಿನ ಪ್ಲಾಸ್ಟಿಕ್ ಸ್ಪೀಕರು. ಅದರಲ್ಲಿ ಒಂದು ಕಿವಿ ಮೊದಲೇ ಕಿವುಡು. ಎರಡು ಹಾಡು ಮುಗಿಯುವಷ್ಟರಲ್ಲಿ ಗೋಡೆಯ ಕಡೆಯಿಂದ ದನಿ.

‘ಏನಲೇ ತಮ್ಮಾ ಅದು? ಮಿಕ್ಸರಿನಾಗ ಚಮಚಾ ಸಿಕ್ಕದೇನು?’

‘ರಾಕ್ ರೀ ಕಾಕಾ. ಹೊಸಾ ಆಲ್ಬಮ್ ಬಂದದ.’

‘ಆಲ್ಬಮ್ ನೋಡೂದು ಗೊತ್ತದ. ಲಗ್ನದ್ದು, ಮುಂಜಿವಿದು. ಆಲ್ಬಮ್ ಕೇಳೂದು ಹೆಂಗ?’

ಆವತ್ತು ನಾನು ನಕ್ಕೆ. ಆದರೆ ನಗಬಾರದಿತ್ತು. ಗ್ರಾಮಾಫೋನಿನ ಕಾಲದಲ್ಲಿ ಒಂದು ರೆಕಾರ್ಡಿನ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ದೊಡ್ಡ ಸಂಗೀತವನ್ನು ಐದಾರು ರೆಕಾರ್ಡಿನ ಮೇಲೆ ಹಂಚಿ, ಅವನ್ನು ದಪ್ಪ ಕಾಗದದ ಚೀಲಗಳಲ್ಲಿ ಇಟ್ಟು, ಫೋಟೋ ಆಲ್ಬಮ್ಮಿನ ಹಾಗೆ ಪುಸ್ತಕ ಕಟ್ಟಿ ಮಾರುತ್ತಿದ್ದರು. ಆ ಹೆಸರೇ ಇವತ್ತಿಗೂ ನಿಂತಿದೆ. ಕಾಕಾ ಹೇಳಿದ್ದೇ ಸರಿ. ಇದನ್ನು ನಾನು ಅವರಿಗೆ ಇನ್ನೂ ತಿಳಿಸಿಲ್ಲ, ತಿಳಿಸುವುದೂ ಇಲ್ಲ.

ಆಮೇಲೆ ಗಾಯಕನ ಜಾತಕ ವಿಚಾರಣೆ. ಮೈಸೂರಿನಲ್ಲಿ ಬೆಳೆದವನು, ಭರತನಾಟ್ಯ ಕಲಿತವನು, ಮೈಕ್ರೋಬಯಾಲಜಿ ಎಂಎಸ್ಸಿಯಲ್ಲಿ ಚಿನ್ನದ ಪದಕ, ಕಾಲೇಜಿನಲ್ಲಿ ಗೆಳೆಯನೊಬ್ಬ ಕೆಣಕಿದ್ದಕ್ಕೆ ಪಂಥ ಕಟ್ಟಿ ಗಿಟಾರ್ ಹಿಡಿದವನು, ಬೆಲ್ಜಿಯಂನಲ್ಲಿದ್ದ ನೌಕರಿ ಬಿಟ್ಟು ಬಂದವನು. ನಾನು ಒಂದೊಂದಾಗಿ ಹೇಳುತ್ತ ಹೋದ ಹಾಗೆ ಕಾಕಾ ಅವರ ಮುಖದಲ್ಲಿ ಮರುಕ ಹೆಚ್ಚುತ್ತ ಹೋಯಿತು.

‘ಚಿನ್ನದ ಪದಕ ಇಟ್ಕೊಂಡು ಹಾಡ್ಲಿಕ್ಕೆ ಹೋದನ? ಮನ್ಯಾಗ ಯಾರೂ ಏನೂ ಅನ್ನಲಿಲ್ಲ?’

‘ಸ್ಟೇಜಿನ ಮ್ಯಾಲೆ ಲುಂಗಿ ಉಟ್ಟು, ಕಾಲಿಗೆ ಗೆಜ್ಜಿ ಕಟ್ಕೊಂಡು ಹಾಡ್ತಾನ್ರಿ.’

‘ಗೆಜ್ಜಿ ಕಟ್ಟಿ ಕುಣೀತಾನಂದ್ರ ಅದು ನಮ್ಮ ದೊಡ್ಡಾಟ ಆತಲ್ಲೋ. ಅದಕ್ಕ ರಾಕ್ ಅಂತ ಯಾಕಂತೀರಿ? ಕಿರೀಟ ಒಂದ ಕಡಿಮಿ ಬಿದ್ದದ.’

ಅಷ್ಟರಲ್ಲಿ ಒಳಗೆ ಗುಡುಗುಡಿಯ ಪದ ಶುರುವಾಯಿತು. ಕಾಕಾ ಚಹದ ಬಟ್ಟಲನ್ನು ಗೋಡೆಯ ಮೇಲಿಟ್ಟರು. ಇಷ್ಟು ವರ್ಷಗಳಲ್ಲಿ ಅವರು ಬಟ್ಟಲು ಕೆಳಗಿಟ್ಟಿದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ.

‘ತಡಿ ತಡಿ. ಇದು ನಮ್ಮ ಶರೀಫಜ್ಜಂದಲ್ಲೇನು?’

‘ಹೌದ್ರಿ.’

‘ಮೈಸೂರವಗ ಇದನ್ನ ಯಾರು ಕೊಟ್ರು?’

ದಾರಿಯಲ್ಲಿ ಹೋಗುವ ಅಪರಿಚಿತ ನಮ್ಮ ಮನೆಯ ತಂಬಿಗೆ ಹಿಡಿದುಕೊಂಡು ಹೊರಟಿದ್ದನ್ನು ಕಂಡವರ ದನಿ ಅದು. ನ್ಯಾಯವಾಗಿ ನೋಡಿದರೆ ಕಾಕಾಗೆ ಹಕ್ಕು ಇತ್ತು. ಶಿಶುನಾಳ ಇಲ್ಲಿಂದ ದೂರವೇನಲ್ಲ. 1819ರಲ್ಲಿ ಅಲ್ಲಿ ಹುಟ್ಟಿ, ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ, ಕೊನೆಗೆ ಮಾಸ್ತರಿಕೆ ಬಿಟ್ಟು ಹಾಡುತ್ತ ತಿರುಗಿದ ಶರೀಫರಿಗೆ ಗುರುವಾಗಿ ಸಿಕ್ಕವರು ಕಳಸದ ಗೋವಿಂದ ಭಟ್ಟರು. ಕಳಸ ಇರುವುದು ಕಾಕಾ ಅವರ ಕುಂದಗೋಳ ತಾಲೂಕಿನಲ್ಲಿ. ಗಂಗೂಬಾಯಿಯವರ ಗುರು ಸವಾಯಿ ಗಂಧರ್ವರೂ ಕುಂದಗೋಳದವರೇ. ಕಾಕಾ ಅವರ ಪ್ರಕಾರ ಜಗತ್ತಿನ ಸಂಗೀತವೆಲ್ಲ ಕುಂದಗೋಳದಿಂದ ಹೊರಟು ಹುಬ್ಬಳ್ಳಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಬೇರೆ ಊರುಗಳಿಗೆ ಹೋಗುತ್ತದೆ. ‘ಗಂಗವ್ವ ಹುಬ್ಬಳ್ಳಿಯಿಂದ ಕುಂದಗೋಳಕ್ಕ ಕಲೀಲಿಕ್ಕೆ ಹೋಗತಿದ್ದದ್ದು ರೈಲಿನಾಗ. ನಮ್ಮ ರೈಲು,’ ಎಂದು ಎದೆಯ ಮೇಲೆ ಕೈ ಇಡುತ್ತಾರೆ, ಟಿಕೀಟು ತಾವೇ ಹರಿದುಕೊಟ್ಟ ಹಾಗೆ. ಅವರು ಇನ್ನೂ ಹುಟ್ಟಿರಲಿಲ್ಲ.

ಜಗಳ ಹತ್ತಿದ್ದು ಮಾಳಿಗೆ ಸೋರುವ ಪದಕ್ಕೆ. ಅದೂ ಆ ಆಲ್ಬಮ್ಮಿನಲ್ಲಿತ್ತು. ಕಾಕಾ ಪೂರ್ತಿ ಕೇಳಿದರು. ಕಣ್ಣು ಮುಚ್ಚಿ ಕೇಳಿದರು ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

‘ಮೈಸೂರಾಗ ಮಾಳಗಿ ಎಲ್ಲಿ ಅವ?’ ಅಂದರು ಕಣ್ಣು ತೆರೆದು.

‘ಅಂದ್ರ?’

‘ಅಲ್ಲೆಲ್ಲಾ ಹಂಚಿನ ಮನಿ. ಹಂಚು ಸೋರಿದ್ರ ಏಣಿ ಹಚ್ಚಿ ಹಂಚು ಸರಸ್ತಾರ, ಕೆಲಸಾತು. ಮಾಳಗಿ ಸೋರೂದಂದ್ರ ಹಂಗಲ್ಲ ತಮ್ಮಾ. ಮ್ಯಾಲೆ ಒಂದ ಕಡೆ ಬಿರುಕು ಬಿಟ್ಟಿರತದ, ನೀರು ಮಣ್ಣಾಗ ಹರದು, ಜಂತಿ ಗುಂಟ ಬಂದು, ಇನ್ನೊಂದ ಕಡೆ ತಟಕತದ. ಎಲ್ಲಿ ಸೋರ್ತದೋ ಅಲ್ಲಿ ತೂತಿರೂದಿಲ್ಲ. ನಮ್ಮಪ್ಪ ರಾತ್ರಿ ಕಂದೀಲು ಹಿಡ್ಕೊಂಡು ಹುಡುಕತಿದ್ದ. ನಾವು ಹುಡುಗ್ರು ಪರಾತ, ಕೊಳಗ, ಗಂಗಾಳ ಎಲ್ಲಾ ಇಟ್ಟು, ಅದು ಟಣ್ ಅಂದ್ರ ಇದು ಟುಣ್ ಅನ್ನೂದು ಕೇಳ್ಕೋತ ಮಲಗತಿದ್ವಿ. ಮುಂಜಾನೆ ಮ್ಯಾಲೇರಿ ಸವಳ ಮಣ್ಣು ಹಾಕಿ ಬಡೀಬೇಕು. ಬಡದಷ್ಟೂ ಬ್ಯಾರೆ ಕಡೆ ಸೋರ್ತದ. ಮನಸ್ಸಿನ ರೋಗಾನೂ ಹಂಗ. ಅದಕ್ಕ ಅಜ್ಜ ಪದಾ ಕಟ್ಯಾನ. ಇಂವ ಯಾವಾಗರ ಗಂಗಾಳ ಇಟ್ಟಾನೇನು?’

ನಾನು ಈ ಪದದ ಬಗ್ಗೆ ವ್ಯಾಖ್ಯಾನ ಓದಿದ್ದೇನೆ, ಮನೆ ಅಂದರೆ ದೇಹ, ಮಾಳಿಗೆ ಅಂದರೆ ಅರಿವು ಎಂದೆಲ್ಲ. ಸೋರುವ ಜಾಗ ಬೇರೆ, ತೂತಿನ ಜಾಗ ಬೇರೆ ಎಂದು ಯಾರೂ ಬರೆದಿರಲಿಲ್ಲ. ಆದರೂ ಅಭಿಮಾನಿ ಸೋಲಬಾರದಲ್ಲ?

‘ಹಂಗಾರ ನಿಮಗ ಯಾರ ಹಾಡು ಅಸಲಿ?’

‘ಅಶ್ವತ್ಥಂದು. ಅದಕ್ಕ ಎರಡನೇದಿಲ್ಲ.’

ಸಿಕ್ಕರು! ಸಿ. ಅಶ್ವತ್ಥ್ ಹಾಸನದ ಕಡೆಯವರು. ಬೆಂಗಳೂರಿನ ಟೆಲಿಫೋನ್ ಕಾರ್ಖಾನೆ ಐಟಿಐಯಲ್ಲಿ 27 ವರ್ಷ ನೌಕರಿ ಮಾಡಿದವರು. ಅವರ ಮನೆಯಲ್ಲಿ ಯಾವ ಮಾಳಿಗೆ, ಯಾವ ಸವಳ ಮಣ್ಣು? ಶರೀಫರ ಪದಗಳನ್ನು ಹಾರ್ಮೋನಿಯಂ ಮೇಲೆ ಕೂರಿಸಿ, ಕ್ಯಾಸೆಟ್ಟಿಗೆ ಹಾಡಿ, 1990ರ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾದ ಹೊತ್ತಿಗೆ ಮನೆಮನೆಗೆ ಮುಟ್ಟಿಸಿದರು. ಅದಕ್ಕೂ ಮೊದಲು ನಮ್ಮ ಕಡೆಯ ಭಜನಾ ಮೇಳಗಳಲ್ಲಿ ದಮ್ಮಡಿ, ತಾಳ, ಏಕತಾರಿಯ ಜೊತೆ ಅದೇ ಪದಗಳು ಬೇರೆ ಧಾಟಿಯಲ್ಲಿ ಬೆಳತನಕ ನಡೆಯುತ್ತಿದ್ದವು. ಇದನ್ನೆಲ್ಲ ನಾನು ಗೋಡೆಯ ಮೇಲೆ ವಕೀಲನ ಹಾಗೆ ಮಂಡಿಸಿದೆ. ಅಮೆರಿಕದ ಸಾಕ್ಷಿಯನ್ನೂ ಕರೆದೆ: 1965ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ಕಟ್ಟಿಗೆಯ ಗಿಟಾರ್ ಬಿಟ್ಟು ಕರೆಂಟಿನ ಗಿಟಾರ್ ಹಚ್ಚಿದ್ದಕ್ಕೆ ಅವನ ಅಭಿಮಾನಿಗಳೇ ಕೂಗಾಡಿದರು, ಮರುವರ್ಷ ಇಂಗ್ಲೆಂಡಿನಲ್ಲಿ ಒಬ್ಬ ‘ದ್ರೋಹಿ ಯೂದಾಸ’ ಎಂದು ಚೀರಿದ, ಈಗ ಅದೇ ಹಾಡುಗಳನ್ನು ಪೂಜೆ ಮಾಡುತ್ತಾರೆ.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ‘ಹುಬ್ಬಳ್ಳಿಯಾಗ ಮಾಡಿದ್ರ ಆ ಜಗಳ ಇರ್ತಿದ್ದಿಲ್ಲ. ಎರಡನೇ ಹಾಡಿಗೆ ಕರೆಂಟ್ ಹೋಗತಿತ್ತು,’ ಅಂದರು ಕೊನೆಗೆ. ಬಟ್ಟಲು ಎತ್ತಿಕೊಂಡು ಒಳಗೆ ನಡೆದರು. ಬಾಗಿಲಲ್ಲಿ ನಿಂತು, ತಿರುಗದೆಯೇ, ‘ಹುಡುಗ ಅಡ್ಡಿಯಿಲ್ಲ’ ಎಂದರು.

ಆಲ್ಬಮ್ ಅಡ್ಡಿಯಿಲ್ಲ ಅನ್ನಲಿಲ್ಲ ನೋಡಿ. ಹುಡುಗ ಅಡ್ಡಿಯಿಲ್ಲ. ಲೆಕ್ಕಪತ್ರದವರು.

ಮುಂದಿನ ವರ್ಷಗಳು ಕಾಯುವುದರಲ್ಲಿ ಕಳೆದವು. ಕಾಯುವ ವಿದ್ಯೆಯನ್ನು ಹುಬ್ಬಳ್ಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಊರಿನಲ್ಲಿ ನಳದ ನೀರಿಗೆ ಐದು ದಿನ, ಎಂಟು ದಿನ ಕಾದು ಬೆಳೆದವರು ನಾವು. ‘ನೀರು ಬಿಟ್ಟಾರ!’ ಎಂದು ಯಾರೋ ಕೂಗಿದರೆ ಸಾಕು, ನಡುರಾತ್ರಿಯಾಗಿದ್ದರೂ ಓಣಿಗೆ ಓಣಿಯೇ ಎದ್ದು ಕೊಡ, ಬಕೀಟು, ಪಾತೇಲಿ ಹಿಡಿದು ನಿಲ್ಲುತ್ತದೆ. ರಾಕ್ ಅಭಿಮಾನಿಯೂ ಹಾಗೇ ನಿಂತಿರುತ್ತಾನೆ. ನಡುವೆ ‘ಸೈಕೋ’ ಸಿನಿಮಾದ ಮಾದೇಶ್ವರನ ಹಾಡು ರಿಕ್ಷಾರಿಕ್ಷಾಗಳಲ್ಲಿ ಮೊಳಗಿತು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ನಾನು ಕಾಕಾ ಅವರ ಮುಂದೆ ಜಂಬ ಕೊಚ್ಚಿದೆ: ‘ಈ ಸಲ ನಾವು ಬಿಬಿಸಿಯೊಳಗ ಬಂದೇವ್ರಿ. ವಯೊಲಿನ್ ಎಷ್ಟು ಛಲೋ ಹಾಕೇವಿ ಅಂತೀರಿ!’

‘ನೀ ಯಾವಾಗ ಹಾಕಿದಿ? ನಿನ್ನೆ ಸಂಜೀಕ ಜಿಮಖಾನಾ ಗ್ರೌಂಡಿನಾಗ ಗಿರಮಿಟ್ಟು ತಿನ್ನಲಿಕ್ಕತ್ತಿದ್ದಿ?’

ಅಭಿಮಾನಿಗೆ ‘ಅವರು’ ಎಂಬ ಸರ್ವನಾಮ ಗೊತ್ತಿಲ್ಲ. ಗೆದ್ದಾಗಲೆಲ್ಲ ‘ನಾವು’. ಸೋತಾಗ ಮಾತ್ರ ಏನಾಗುತ್ತದೆ ಎನ್ನುವುದು 2013ರಲ್ಲಿ ಗೊತ್ತಾಯಿತು.

ಎರಡನೆಯ ಆಲ್ಬಮ್ ಬಂತು, ‘ಜಗ್ ಚಂಗಾ’. ಮತ್ತೆ ಸ್ನಾನ, ಇಸ್ತ್ರಿ ಅಂಗಿ, ಹಾಕಿದ ಕದ. ಈಗ ಎರಡೂ ಕಿವಿ ಕೇಳುವ ಸ್ಪೀಕರು. ನನಗೂ ನೌಕರಿ ಹತ್ತಿತ್ತು. ಮುಗಿಯುವ ಹೊತ್ತಿಗೆ ನನ್ನ ಮುಖ ಗಾಳಿ ಹೋದ ಸೈಕಲ್ಲಿನ ಟ್ಯೂಬಾಗಿತ್ತು. ಅದರಲ್ಲೂ ಶರೀಫರು ಇದ್ದರು, ಲೋಕದ ಕಾಳಜಿಯ ಪದ. ಎಲ್ಲವೂ ಅಚ್ಚುಕಟ್ಟು, ಎಲ್ಲವೂ ಸ್ವಚ್ಛ. ಅದೇ ನನಗೆ ಚುಚ್ಚಿದ್ದು. ಮೊದಲನೆಯದರಲ್ಲಿ ಧೂಳು ಇತ್ತು. ಇದನ್ನು ಯಾರೋ ಬಟ್ಟೆಯಿಂದ ಒರೆಸಿಟ್ಟಿದ್ದಾರೆ ಅನ್ನಿಸಿತು. ಬೆಂಗಳೂರಿನ ಚಿಕ್ಕಪ್ಪನ ಮಗ ಫೋನಿನಲ್ಲಿ ಕುಣಿಯುತ್ತಿದ್ದ, ‘ಹೆಂಗದ? ಹೆಂಗದ? ಬೇಗ ಹೇಳೋ!’

ನಾನು ಅಂಗಳದಲ್ಲಿ ನಿಂತಿದ್ದೆ. ನಿಜವಾಗಿ ಹೇಳುತ್ತೇನೆ, ಯೋಚಿಸಿ ಆಡಿದ ಮಾತಲ್ಲ. ಬಾಯಿಂದ ಜಾರಿತು. ‘ಅಡ್ಡಿಯಿಲ್ಲ.’

ಗೋಡೆಯ ಆಚೆ ಚಹಾ ನೆತ್ತಿಗೇರಿದ ಕೆಮ್ಮು. ‘ಏ, ಹೊರಗ ಬಾ ಇಲ್ಲೆ! ಕೇಳಿಸ್ತೇನು? ತಮ್ಮ ದೊಡ್ಡಾಂವ ಆದ!’ ಎಂದು ಕಾಕಾ ಕಾಕೂಗೆ ಕೂಗಿ ಹೇಳಿದರು. ಮುಂಜಿ ಆದ ಹುಡುಗನನ್ನು ನೋಡಲು ಬಂದ ಹಾಗೆ ಕಾಕೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

ಆವತ್ತು ಕಾಕಾ ಪಕ್ಷಾಂತರ ಮಾಡಿದರು. ಹೊಸದನ್ನು ಪೂರ್ತಿ ಹಚ್ಚಿಸಿಕೊಂಡು ಕೇಳಿ, ‘ಏನು ಕಡಿಮಿ ಆಗೇದ ಹೇಳು?’ ಎಂದು ನನ್ನನ್ನೇ ಕಟಕಟೆಗೆ ಹತ್ತಿಸಿದರು.

‘ಮೊದಲಿನ ಹಂಗಿಲ್ರಿ.’

‘ಮೊದಲಿನ ಹಂಗ ಬೇಕಂದ್ರ ಮೊದಲಿಂದ ಹಚ್ಕೊ. ಅದನ್ನ ಯಾರರ ಕಸ್ಕೊಂಡಾರೇನು? ಗಂಗವ್ವಂದು ನಿನಗ ಗೊತ್ತಿಲ್ಲ. ಹುಡುಗಿ ಇದ್ದಾಗ ಎಚ್‌ಎಂವಿ ರೆಕಾರ್ಡಿನ ಮ್ಯಾಲೆ ಆಕಿ ಹೆಸರು ಗಾಂಧಾರಿ. ಸಣ್ಣ ದನಿ, ಏರು ದನಿ, ಹೂವಿನಂಥಾದ್ದು. ಆಮ್ಯಾಲ ಗಂಟಲದ್ದು ಆಪರೇಷನ್ ಆತು, ದನಿ ದಪ್ಪಾತು. ಗಂಡಸರ ದನಿ ಅಂದ್ರು ಮಂದಿ. ಗಾಂಧಾರಿ ರೆಕಾರ್ಡು ಕೇಳಿ ಬೆಳದವರು ಆವಾಗ ಏನಂದಿರಬೇಕು? ಮೊದಲಿನ ಹಂಗಿಲ್ಲ ಅಂತ ಗೋಡಿಗೆ ಮುಖಾ ಮಾಡಿ ಕುಂತಿರಬೇಕು, ನಿನ್ನ ಹಂಗ. ಇವತ್ತ ನಾವು ಗಂಗೂಬಾಯಿ ಅಂತ ಕೈ ಮುಗಿಯೂದು ಯಾವ ದನಿಗೆ? ಆ ದಪ್ಪ ದನಿಗೆ.’

ಉತ್ತರ ನನ್ನಲ್ಲಿರಲಿಲ್ಲ. ರಘು ದೀಕ್ಷಿತರನ್ನು ಗಂಗೂಬಾಯಿಯವರ ಜೊತೆ ತೂಗಬಹುದೇ ಎಂದು ಕೇಳಬಹುದಿತ್ತು. ಆದರೆ ತೂಗಿದ್ದು ಕಾಕಾ, ಅದೂ ದೇಶಪಾಂಡೆ ನಗರದಲ್ಲಿ ನಿಂತು. ನನ್ನ ಬ್ಯಾಂಡಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೇನು ಬೇಕಿತ್ತು? 2011ರಲ್ಲಿ ರಘು ದೀಕ್ಷಿತರಿಗೆ ಲಂಡನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಬಂದಿತ್ತು. ಇದರ ಮುಂದೆ ಅದೂ ಸಪ್ಪೆ. ಅಷ್ಟಾದರೂ ಕೊನೆಗೆ ಆಲ್ಬಮ್ ಹೇಗಿದೆ ಅಂದಾಗ ಕಾಕಾ ಹೇಳಿದ್ದು ಏನು ಗೊತ್ತೇ? ಬೇಡ ಬಿಡಿ, ನಿಮಗೆ ಗೊತ್ತಿದೆ.

ಮೂರನೆಯದಕ್ಕೆ ಹತ್ತು ವರ್ಷದಷ್ಟು ಕಾದೆ. ಈ ನಡುವೆ ಸೀಡಿ ಅಂಗಡಿಗಳು ಮೊಬೈಲ್ ಕವರಿನ ಅಂಗಡಿಗಳಾದವು. ಕದ ಹಾಕಿಕೊಳ್ಳಲು ನನಗೆ ಕೋಣೆಯಿಲ್ಲ, ಅದು ಮಗಳ ಪಾಲಾಯಿತು. ಇಸ್ತ್ರಿ ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ತಕರಾರು ಮಾಡುತ್ತದೆ. ಈಗಿನ ಹಾಡುಗಳೂ ಮೊಬೈಲಿಗೇ ನೇರ ಬರುತ್ತವೆ, ಬಹಳಷ್ಟು ಸಲ ಒಂದೊಂದೇ. ಪಾತೇಲಿ ತುಂಬುವಷ್ಟರಲ್ಲಿ ನಳ ನಿಂತಿರುತ್ತದೆ. ಕಾಕಾ ಅವರಿಗೂ ಎಂಬತ್ತು ದಾಟಿತು. ಸಕ್ಕರೆ ಕಾಯಿಲೆ ಬಂದು ಚಹಾದ ಮೂರು ಚಮಚ ಎರಡಾಗಿ, ಒಂದಾಗಿ, ಈಗ ಸೊನ್ನೆ. ಸಕ್ಕರೆ ಡಬ್ಬಿ ಕಾಕೂ ಅವರ ಸೀರೆಯ ಕಪಾಟಿನಲ್ಲಿದೆ, ಕೀಲಿ ಅವರ ಸೊಂಟದಲ್ಲಿದೆ.

ಒಂದು ಸಂಜೆ ಮೊಬೈಲ್ ಹಿಡಿದು ಗೋಡೆಗೆ ಹೋದೆ.

‘ಕಾಕಾ, ಮೂರನೇದು ಬಂತ್ರಿ.’

‘ನಿನಗ? ಡಾಕ್ಟರು ಎರಡ ಸಾಕಂದಿರಲಿಲ್ಲೇನು?’

‘ಆಲ್ಬಮ್ ರೀ!’

‘ಹಂಗ ಬಿಡಿಸಿ ಹೇಳು. ಹೆಸರೇನು?’

‘ಶಕ್ಕರ್.’

ಕಾಕಾ ಹಿಂದೆ ತಿರುಗಿ ನೋಡಿದರು. ಒಳಗೆ ಕಾಕೂ ಒಗ್ಗರಣೆಗೆ ಸಾಸಿವೆ ಹಾಕಿದ ಸಪ್ಪಳ. ದನಿ ತಗ್ಗಿಸಿ ಕೇಳಿದರು, ‘ಶಕ್ಕರ್ ಅಂದ್ರ ಸಕ್ಕರಿ ಅಲ್ಲೇನು?’

‘ಹೌದ್ರಿ. ಹಿಂದಿಯೊಳಗ.’

‘ಹಿಂದಿಯೊಳಗಿಂದು ನಡೀತದ. ಡಾಕ್ಟರು ಕನ್ನಡದೊಳಗ ಬ್ಯಾಡ ಅಂದಾರ. ಹಚ್ಚು. ಸಣ್ಣಗ.’

ನಾನು ಮೊಬೈಲನ್ನು ಗೋಡೆಯ ಮೇಲೆ, ಅವರ ಸಪ್ಪೆ ಚಹದ ಬಟ್ಟಲಿನ ಪಕ್ಕದಲ್ಲಿಟ್ಟೆ. ಅವರು ಬಗ್ಗಿ ಬಲಗಿವಿಯನ್ನು ಅದಕ್ಕೆ ಹಚ್ಚಿದರು. ಎಡಗಿವಿ ಈಗ ನನ್ನ ಹಳೆಯ ಸ್ಪೀಕರಿನ ಹಾಗೆ. ಬೆರಳು ಗೋಡೆಯ ಮೇಲೆ ತಾಳ ಹಾಕುತ್ತಿತ್ತೋ, ವಯಸ್ಸಿಗೆ ನಡುಗುತ್ತಿತ್ತೋ ಹೇಳುವುದು ಕಷ್ಟ. ಹಾಡು ಮುಗಿಯಿತು. ನಾನು ಉಸಿರು ಬಿಗಿಹಿಡಿದೆ. ಹದಿನೈದು ವರ್ಷದ ಹಟ.

ಕಾಕಾ ಮತ್ತೊಮ್ಮೆ ಅಡುಗೆಮನೆಯ ಕಡೆ ನೋಡಿ, ಬಟ್ಟಲನ್ನು ನನ್ನ ಕಡೆ ಸ್ವಲ್ಪ ಸರಿಸಿದರು.

‘ಇನ್ನೊಂದ ಚಮಚಾ ಹಾಕು.’